ಪ್ರಯೋಗಾಲಯದ ಪಾದರಸ: ಇಟ್ಟುಕೊಳ್ಳುವುದೋ, ಒಪ್ಪಿಸುವುದೋ, ಬದಲಿಸುವುದೋ?

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳೆಯ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬೀರುವಿನ ಕೆಳಗಿನ ಅರೆಯಲ್ಲಿ ಪಾದರಸದ ಒಂದು ಬಾಟಲಿಯಾದರೂ ಉಳಿದಿರುವುದು ಅಪರೂಪವಲ್ಲ. ಗೋಡೆಯ ಮೇಲೆ ಫೋರ್ಟಿನ್ ವಾಯುಭಾರ ಮಾಪಕ, ಮೂಲೆಯಲ್ಲಿ ಬಾಯ್ಲ್‌ನ ನಿಯಮದ ಉಪಕರಣ, ಡ್ರಾಯರಿನಲ್ಲಿ ಒಡೆದ ಥರ್ಮಾಮೀಟರುಗಳ ಕಟ್ಟು ಇರುತ್ತವೆ. ರಸಾಯನಶಾಸ್ತ್ರ ವಿಭಾಗಕ್ಕೆ ಹೋದರೆ ಪಾದರಸದ ಸಂಯುಕ್ತಗಳಿರುವ ಮರ್ಕ್ಯುರಿಕ್ ಕ್ಲೋರೈಡ್, ನೆಸ್ಲರ್ ದ್ರಾವಣ, ಹಳೆಯ ಕ್ಯಾಲೊಮೆಲ್ ಎಲೆಕ್ಟ್ರೋಡ್ ಸಿಗುತ್ತವೆ. ಪ್ರಯೋಗಾಲಯದ ಹೊಣೆ ಹೊಸದಾಗಿ ಹೊತ್ತ ಸಹೋದ್ಯೋಗಿಗಳು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ಇದನ್ನು ಭದ್ರವಾಗಿ ಇಟ್ಟುಕೊಂಡರೆ ಸಾಕೇ, ಬೇರೆ ಕಾಲೇಜಿಗೆ ಕೊಟ್ಟುಬಿಡಬಹುದೇ, ತ್ಯಾಜ್ಯವೆಂದು ಒಪ್ಪಿಸಬೇಕೇ, ಒಪ್ಪಿಸಿದರೆ ಮಕ್ಕಳ ಪ್ರಯೋಗಗಳಿಗೆ ಬದಲಿ ಏನು? ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ತೂಗಿ ನೋಡಬೇಕಾದ ಅಂಶಗಳು ಎಲ್ಲರಿಗೂ ಒಂದೇ ಆಗಿರುವುದರಿಂದ ಮೊದಲು ಅವುಗಳನ್ನು ಹೇಳಿ, ಆಮೇಲೆ ಒಂದೊಂದು ದಾರಿಯನ್ನೂ ಅವುಗಳ ಮುಂದಿಟ್ಟು ನೋಡುತ್ತೇನೆ.

ಯಾವುದನ್ನು ತೂಗಬೇಕು

ಮೊದಲನೆಯದು ಆವಿ. ಪಾದರಸವನ್ನು ಮುಟ್ಟಲು ಹೆದರುವವರು ಅದನ್ನು ಪೊರಕೆಯಿಂದ ಗುಡಿಸಲು ಹೆದರುವುದಿಲ್ಲ. ಅಪಾಯದ ಅಂದಾಜು ಇಲ್ಲಿ ತಲೆಕೆಳಗಾಗಿದೆ. ನುಂಗಿದ ಲೋಹರೂಪದ ಪಾದರಸವನ್ನು ದೇಹ ಹೀರಿಕೊಳ್ಳುವುದು ತೀರಾ ಕಡಿಮೆ, ಆದರೆ ಉಸಿರಿನೊಂದಿಗೆ ಒಳಹೋದ ಆವಿಯ ಸುಮಾರು 80 ಶೇಕಡಾ ಭಾಗ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಮಿದುಳನ್ನೂ ಮೂತ್ರಪಿಂಡವನ್ನೂ ತಲುಪುತ್ತದೆ. ಮುಚ್ಚಿದ ಕೋಣೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ತಾಪಮಾನಕ್ಕೆ ಗಾಳಿ ಪಾದರಸದ ಆವಿಯಿಂದ ಪೂರ್ಣವಾಗಿ ತುಂಬಿಕೊಂಡರೆ ಒಂದು ಘನ ಮೀಟರಿನಲ್ಲಿ ಸುಮಾರು 13 ಮಿಲಿಗ್ರಾಂ ಇರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಹಾಕಿರುವ ಮಿತಿ ಒಂದು ಘನ ಮೀಟರಿಗೆ 0.025 ಮಿಲಿಗ್ರಾಂ ಮಾತ್ರ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಪ್ರಯೋಗಾಲಯ ಈ ಮಿತಿಯನ್ನು ಮುಟ್ಟಲು ಎಂಟು ಮಿಲಿಗ್ರಾಂ ಆವಿ ಸಾಕು; ಒಂದು ಪ್ರಯೋಗಾಲಯದ ಥರ್ಮಾಮೀಟರಿನಲ್ಲಿ ಅದರ ನೂರು ಪಟ್ಟಿಗೂ ಮೀರಿದ ಪಾದರಸ ಇರುತ್ತದೆ. ಅದೆಲ್ಲವೂ ಒಂದೇ ದಿನ ಆವಿಯಾಗುವುದಿಲ್ಲ, ಕಿಟಕಿ ತೆರೆದಿದ್ದರೆ ಗಾಳಿಯೂ ಬದಲಾಗುತ್ತಿರುತ್ತದೆ, ನಿಜ. ಆದರೆ ನೆಲದ ಸಂದಿಗೆ ಸೇರಿದ ಹನಿ ವರ್ಷಗಟ್ಟಲೆ ಅಲ್ಲಿಯೇ ಇದ್ದು ಆವಿ ಬಿಡುತ್ತಲೇ ಇರುತ್ತದೆ. ತಾಪಮಾನ 20ರಿಂದ 30 ಡಿಗ್ರಿಗೆ ಏರಿದರೆ ಆವಿಯ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆಯಾದ್ದರಿಂದ ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ, ಶೀಟಿನ ಮಾಡಿನ ಕೋಣೆಯಲ್ಲಿ, ಪುಸ್ತಕದ ಅಂಕಿಗಿಂತ ಪರಿಸ್ಥಿತಿ ಕೆಟ್ಟದಾಗಿರುತ್ತದೆ ಎಂದೇ ತಿಳಿಯಬೇಕು.

ಎರಡನೆಯದು ಪಾದರಸ ಯಾವ ರೂಪದಲ್ಲಿದೆ ಎಂಬುದು. ಬಾಟಲಿಯಲ್ಲಿರುವ ಶುದ್ಧ ಲೋಹ, ಉಪಕರಣದೊಳಗಿರುವ ಲೋಹ, ಗಾಜಿನ ಚೂರು ಮತ್ತು ಧೂಳಿನೊಂದಿಗೆ ಬೆರೆತದ್ದು, ನೀರಿನಲ್ಲಿ ಕರಗಿದ ಲವಣ, ಇವು ಬೇರೆ ಬೇರೆ ವಸ್ತುಗಳಂತೆಯೇ ವರ್ತಿಸುತ್ತವೆ. ಒಂದಕ್ಕೆ ಸರಿಯಾದ ಕ್ರಮ ಇನ್ನೊಂದಕ್ಕೆ ತಪ್ಪಾಗುತ್ತದೆ. ಮೂರನೆಯದು ಪ್ರಮಾಣ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದ್ದರಿಂದ ಅರ್ಧ ಲೀಟರಿನ ಬಾಟಲಿ ಸುಮಾರು 6.8 ಕಿಲೋ ತೂಗುತ್ತದೆ, ಕಣ್ಣಳತೆ ಇಲ್ಲಿ ಸದಾ ಮೋಸ ಮಾಡುತ್ತದೆ. ನಾಲ್ಕನೆಯದು, ನಿಮ್ಮ ಕೈಬಿಟ್ಟ ಮೇಲೆ ಅದು ಎಲ್ಲಿಗೆ ಹೋಯಿತೆಂಬುದಕ್ಕೆ ದಾಖಲೆ ಸಿಗುತ್ತದೆಯೇ ಎಂಬುದು.

ಐದನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ವರ್ಷದ ನಂತರ ಈ ಬೀರುವಿನ ಕೀಲಿ ಯಾರ ಬಳಿ ಇರುತ್ತದೆ? ಸರ್ಕಾರಿ ಕಾಲೇಜಿನಲ್ಲಿ ಉಪನ್ಯಾಸಕರಿಗೆ ವರ್ಗಾವಣೆಯಾಗುತ್ತದೆ, ಅಟೆಂಡರ್ ನಿವೃತ್ತರಾಗುತ್ತಾರೆ, ಬಾಟಲಿಯ ಮೇಲಿನ ಚೀಟಿ ಮಾಸುತ್ತದೆ. ಇಂದು ನಾವು ಜಾಗರೂಕರಾಗಿದ್ದೇವೆ ಎಂಬುದು ನಾಳಿನ ಭದ್ರತೆಗೆ ಆಧಾರವಾಗದು. ಖರ್ಚು ಆರನೆಯದು. ಅದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ: ಈ ವಿಷಯದಲ್ಲಿ ಅಗ್ಗವೆಂದು ಕಾಣುವ ದಾರಿಗಳ ಬಿಲ್ಲು ಬೇರೆಯವರ ಹೆಸರಿಗೆ ಬರುತ್ತದೆ.

ಬೀರುವಿನಲ್ಲಿರುವ ದಾಸ್ತಾನಿಗೆ ಇರುವ ದಾರಿಗಳು

ಇದ್ದಂತೆಯೇ ಬಳಸುತ್ತ ಹೋಗುವುದು ಮೊದಲ ದಾರಿ. ಪಾದರಸದ ಬಳಕೆಯನ್ನು ತಗ್ಗಿಸಲೆಂದು ಆಗಿರುವ, ಭಾರತ 2018ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ಪಾದರಸದ ಥರ್ಮಾಮೀಟರು, ವಾಯುಭಾರ ಮಾಪಕ, ರಕ್ತದೊತ್ತಡ ಮಾಪಕಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕೆನ್ನುತ್ತದೆ. ಸಂಶೋಧನೆ ಮತ್ತು ಉಪಕರಣಗಳ ಅಳತೆ ಪರೀಕ್ಷೆಗೆ ವಿನಾಯಿತಿಯನ್ನೂ ಕೊಟ್ಟಿದೆ. ನಿಖರ ಅಳತೆಗೆ ಆಧಾರವಾಗಿ ಒಂದೆರಡು ಥರ್ಮಾಮೀಟರುಗಳನ್ನು ಇಟ್ಟುಕೊಳ್ಳುವ ಸ್ನಾತಕೋತ್ತರ ವಿಭಾಗದ ವಾದವನ್ನು ಒಪ್ಪಬಹುದು. ಆದರೆ ಹದಿನಾರರ ಮಕ್ಕಳು ಗುಂಪುಗುಂಪಾಗಿ ನಿಂತು ತೆರೆದ ಪಾತ್ರೆಯ ಪಾದರಸದಲ್ಲಿ ಕೊಳವೆ ಮುಳುಗಿಸುವ ಪ್ರಯೋಗಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಬಾಯ್ಲ್‌ನ ನಿಯಮವನ್ನು ಸಿರಿಂಜು ಮತ್ತು ಒತ್ತಡ ಮಾಪಕದಿಂದ ಅಷ್ಟೇ ಚೆನ್ನಾಗಿ ತೋರಿಸಬಹುದು.

ಮುಚ್ಚಿ ಭದ್ರವಾಗಿಡುವುದು ಎರಡನೆಯ ದಾರಿ. ಇದಕ್ಕೆ ಖರ್ಚು ಕಡಿಮೆ, ಯಾರ ಅನುಮತಿಗೂ ಕಾಯಬೇಕಿಲ್ಲ, ನಾಳೆಯೇ ಮಾಡಬಹುದು. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಗಿಸಿ ಮುಚ್ಚುವ ಬಿರಡೆಯ ಬಾಟಲಿಗೆ ಪೂರ್ತಿ ತುಂಬದಂತೆ ಹಾಕಿ, ಅದನ್ನು ಇನ್ನೊಂದು ಗಟ್ಟಿ ಡಬ್ಬಿಯೊಳಗಿಟ್ಟು, ಕೆಳಗೆ ಅಂಚಿರುವ ಪ್ಲಾಸ್ಟಿಕ್ ತಟ್ಟೆ ಇಡಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಸತು ಲೇಪಿಸಿದ ತಗಡು ಯಾವುದೂ ಕೂಡದು, ಪಾದರಸ ಅವುಗಳೊಂದಿಗೆ ಮಿಶ್ರಲೋಹವಾಗಿ ಪಾತ್ರೆಯನ್ನೇ ತಿನ್ನುತ್ತದೆ. ಕಬ್ಬಿಣ, ಉಕ್ಕು ತಡೆಯುತ್ತವೆ. ವ್ಯಾಪಾರದ ಪಾದರಸ 34.5 ಕಿಲೋ ಹಿಡಿಯುವ ಉಕ್ಕಿನ ಸೀಸೆಗಳಲ್ಲೇ ಸಾಗುತ್ತ ಬಂದಿರುವುದು ಇದರಿಂದಲೇ. ಬೀರುವಿನ ಅತಿ ಕೆಳಗಿನ ಅರೆಯಲ್ಲಿ, ಬಿಸಿಲು ಬೀಳದ ಕಡೆ ಇಟ್ಟು, ಹೆಸರು, ತೂಕ, ಮುಚ್ಚಿದ ದಿನಾಂಕ, ಹೊಣೆ ಹೊತ್ತವರ ಹುದ್ದೆ ಇವನ್ನು ಕನ್ನಡದಲ್ಲಿಯೇ ಬರೆದ ಚೀಟಿ ಅಂಟಿಸಬೇಕು, ಏಕೆಂದರೆ ಅದನ್ನು ಓದಬೇಕಾದವರಲ್ಲಿ ಸ್ವಚ್ಛತೆಯ ಕೆಲಸದವರೂ ಇದ್ದಾರೆ. ಇಷ್ಟೆಲ್ಲ ಮಾಡಿದರೂ ಐದನೆಯ ಅಂಶದ ಮುಂದೆ ಈ ದಾರಿ ಸೋಲುತ್ತದೆ. ಇದನ್ನು ಮುಂದಿನ ಹೆಜ್ಜೆಯವರೆಗಿನ ತಂಗುದಾಣವಾಗಿ ಮಾತ್ರ ಒಪ್ಪಬಹುದು.

ಬೇರೆ ಸಂಸ್ಥೆಗೆ ಕೊಡುವುದು ಮೂರನೆಯದು. ಸಂಶೋಧನೆಗೆ ಪಾದರಸ ನಿಜವಾಗಿಯೂ ಬೇಕಾಗಿರುವ, ಆವಿ ಹೀರುವ ಹುಡ್ ಇರುವ ವಿಶ್ವವಿದ್ಯಾಲಯದ ವಿಭಾಗವೊಂದು ಲಿಖಿತವಾಗಿ ಕೇಳಿದರೆ, ಶುದ್ಧವಾದ ಲೋಹವನ್ನು ಹಾಗೆ ಒಪ್ಪಿಸುವುದರಲ್ಲಿ ಅರ್ಥವಿದೆ. ಗಣಿಯಿಂದ ಹೊಸ ಪಾದರಸ ತೆಗೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಪಕ್ಕದ ತಾಲ್ಲೂಕಿನ ಕಾಲೇಜಿಗೆ, ಅವರಿಗೂ ಬೇಡದ್ದನ್ನು, ನಮ್ಮ ದಾಸ್ತಾನು ಪುಸ್ತಕದಿಂದ ಇಳಿಸಿಕೊಳ್ಳಲೆಂದು ದಾಟಿಸುವುದು ವಿಲೇವಾರಿಯಾಗದು. ಅಷ್ಟಲ್ಲದೆ ಪಾದರಸದ ಬಾಟಲಿಯನ್ನು ಚೀಲದಲ್ಲಿಟ್ಟು ಬಸ್ಸಿನಲ್ಲೋ ಸ್ಕೂಟರಿನಲ್ಲೋ ಒಯ್ಯುವ ಯೋಚನೆಯನ್ನು ಬಿಡಲೇಬೇಕು. ಬಸ್ಸಿನ ನೆಲದ ಮೇಲೆ ಒಡೆದ ಒಂದು ಬಾಟಲಿಯ ಹೊಣೆಯನ್ನು ಯಾರೂ ಹೊರಲಾರರು.

ಮಾರುವುದು, ಹರಾಜು ಹಾಕುವುದು ನಾಲ್ಕನೆಯದು. ಇದನ್ನು ನೇರವಾಗಿ ತಳ್ಳಿಹಾಕುತ್ತೇನೆ. ಸರ್ಕಾರಿ ಸಂಸ್ಥೆಗಳಲ್ಲಿ ಪಾದರಸಕ್ಕೆ ಬೆಲೆಯಿದೆ ಎಂಬ ಕಾರಣಕ್ಕೆ ಅದನ್ನು ಹಳೆಯ ಬೆಂಚು, ಕಬ್ಬಿಣದ ಸ್ಟ್ಯಾಂಡುಗಳ ಪಟ್ಟಿಯಲ್ಲಿ ಸೇರಿಸಿ ಹರಾಜಿಗಿಡುವ ಸಾಧ್ಯತೆ ಇದ್ದೇ ಇರುತ್ತದೆ. ಗುಜರಿಗೆ ಹೋದದ್ದು ಎಲ್ಲಿ ಯಾರ ಕೈಯಲ್ಲಿ ಬಿಸಿಯಾಗುತ್ತದೆಂದು ಹೇಳಲಾಗದು. ಪಾದರಸದ ಲಿಂಗ ಮಾಡಿಸಲು, ರಸೌಷಧಿಗೆ, ಚಿನ್ನದ ಕೆಲಸಕ್ಕೆ ಸ್ವಲ್ಪ ಕೊಡಿ ಎಂದು ಪರಿಚಯದವರು ಕೇಳುವುದೂ ಉಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದು ಕಾಲಕ್ಕೆ ಪುಡಿ ಮಾಡಿದ ಅದಿರಿನಿಂದ ಚಿನ್ನವನ್ನು ಹಿಡಿಯಲು ಪಾದರಸ ಬಳಸುತ್ತಿದ್ದರಾದ್ದರಿಂದ ಆ ಭಾಗದಲ್ಲಿ ಈ ಜೋಡಿಯ ತಿಳಿವಳಿಕೆ ಹಳೆಯದು. ಆದರೆ ಚಿನ್ನ ಬಿಡಿಸಲು ಆ ಮಿಶ್ರಣವನ್ನು ಕಾಯಿಸಬೇಕು, ಕಾಯಿಸಿದಾಗ ಪಾದರಸವೆಲ್ಲ ಆವಿಯಾಗುತ್ತದೆ. ಚಿಕ್ಕ ಕೋಣೆಯಲ್ಲಿ ಕುಳಿತು ಆ ಕೆಲಸ ಮಾಡುವವರ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಯಾರೇ ಕೇಳಲಿ, ಒಂದು ಹನಿಯನ್ನೂ ಕೊಡಬಾರದು.

ಐದನೆಯದು ಅಧಿಕೃತ ಘಟಕಕ್ಕೆ ಒಪ್ಪಿಸುವುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವಿರುವವರ ಕೈಗೇ, ಅಧಿಕೃತ ವಾಹನದಲ್ಲೇ, ಸಾಗಣೆಯ ಮ್ಯಾನಿಫೆಸ್ಟ್ ದಾಖಲೆಯೊಂದಿಗೇ ಹೋಗಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರಿಗೂ ನೆಲಮಂಗಲಕ್ಕೂ ನಡುವೆ ಇರುವ ಡಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿಯೇ ಅಪಾಯಕಾರಿ ತ್ಯಾಜ್ಯದ ಸಂಸ್ಕರಣಾ ಘಟಕವಿದೆ. ತುಮಕೂರಿನವರಿಗೆ ಅದು ಹತ್ತಿರ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ವಾಹನದ ಖರ್ಚು ಹೆಚ್ಚು. ದಾಖಲೆ, ಆವಿ, ಮುಂದಿನ ಹೊಣೆ, ಈ ಮೂರು ಅಂಶಗಳಲ್ಲೂ ಗೆಲ್ಲುವ ದಾರಿ ಇದೊಂದೇ. ತೊಡಕೂ ಇದೆ. ಒಂದೆರಡು ಕಿಲೋ ಪಾದರಸಕ್ಕಾಗಿ ಒಂದು ವಾಹನ ಬರುವುದು ದುಬಾರಿ. ದ್ರವರೂಪದ ಪಾದರಸವನ್ನು ಹಾಗೆಯೇ ಹೂಳಲಾಗದು, ಗಂಧಕದೊಂದಿಗೆ ಸೇರಿಸಿ ಸ್ಥಿರಗೊಳಿಸಬೇಕು ಇಲ್ಲವೇ ಬಟ್ಟಿ ಇಳಿಸಿ ಮರಳಿ ಬಳಕೆಗೆ ತರಬೇಕು. ಆದ್ದರಿಂದ ಯಾವ ರೂಪದ್ದನ್ನು ಯಾರು ಸ್ವೀಕರಿಸುತ್ತಾರೆ ಎಂಬುದನ್ನು ಮಂಡಳಿಯ ಪ್ರಾದೇಶಿಕ ಕಚೇರಿಯ ಮೂಲಕ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಜೊತೆಗೆ ಇದೇ ನಿಯಮಗಳು ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕೂಡಿಡಬಾರದೆನ್ನುವುದರಿಂದ, ಸಾಗಣೆಯ ಏರ್ಪಾಡಿನ ಮಾತು ಮೊದಲು ಮುಗಿದು, ನಿರುಪಯುಕ್ತವೆಂದು ಘೋಷಿಸುವ ಸಭೆ ಆಮೇಲೆ ನಡೆಯುವುದು ಲೇಸು.

ಖರ್ಚಿನ ತೊಡಕಿಗೆ ನನಗೆ ಕಾಣುವ ಪರಿಹಾರವೆಂದರೆ ತಾಲ್ಲೂಕಿನ ಅಥವಾ ಜಿಲ್ಲೆಯ ಸಂಸ್ಥೆಗಳು ಒಟ್ಟಾಗಿ ಮಂಡಳಿಗೆ ಬರೆಯುವುದು. ಎಲ್ಲರೂ ತಮ್ಮ ಬಾಟಲಿಗಳನ್ನು ಒಂದು ಕಾಲೇಜಿಗೆ ತಂದು ಸುರಿಯುವುದು ಇದರ ಅರ್ಥವಲ್ಲ. ಬಾಟಲಿಗಳು ಇದ್ದಲ್ಲೇ ಇರಬೇಕು, ಅಧಿಕೃತ ವಾಹನವೇ ಒಂದೇ ಸುತ್ತಿನಲ್ಲಿ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬರುವಂತೆ ಕೇಳಬೇಕು, ಪ್ರತಿ ಸಂಸ್ಥೆಗೂ ಅದರದೇ ದಾಖಲೆ ಸಿಗಬೇಕು.

ಪ್ರಯೋಗಾಲಯದಲ್ಲಿಯೇ ರಾಸಾಯನಿಕ ಕ್ರಿಯೆಯಿಂದ ಮುಗಿಸಿಬಿಡುವ ಆರನೆಯ ದಾರಿಯನ್ನು ರಸಾಯನಶಾಸ್ತ್ರದವರು ಆಗಾಗ ಸೂಚಿಸುತ್ತಾರೆ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಿಗುವುದು ಲೋಹಕ್ಕಿಂತ ವಿಷಕಾರಿಯಾದ, ನೀರಿನಲ್ಲಿ ಸುಲಭವಾಗಿ ಹರಡುವ ಲವಣ, ಜೊತೆಗೆ ಕಂದು ಅನಿಲ. ಹೂಳುವುದು, ಸುಡುವುದು, ಸಿಂಕಿಗೆ ಸುರಿಯುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಮಣ್ಣಿನ ಪಾದರಸದ ಗೋಜಲು ದಶಕಗಳವರೆಗೆ ಬಗೆಹರಿಯಲಿಲ್ಲ.

ಬದಲಿ ಉಪಕರಣಗಳಲ್ಲಿ ಯಾವುದು ಯಾರಿಗೆ

ಥರ್ಮಾಮೀಟರಿಗೆ ಮೂರು ಮುಖ್ಯ ಬದಲಿಗಳಿವೆ. ಕೆಂಪು ಬಣ್ಣದ ಸ್ಪಿರಿಟ್ ಥರ್ಮಾಮೀಟರ್ ಅಗ್ಗ, ಬ್ಯಾಟರಿ ಬೇಡ, ದ್ರವದ ಹಿಗ್ಗುವಿಕೆಯನ್ನು ಮಕ್ಕಳಿಗೆ ಕಣ್ಣಾರೆ ತೋರಿಸುತ್ತದೆ. ಸುಮಾರು 110 ಡಿಗ್ರಿಯವರೆಗೆ ಸಾಕು. ಆದರೆ ಅದು ನಿಧಾನ, ಕೊಳವೆಯೊಳಗಿನ ದ್ರವದ ಎಳೆ ತುಂಡಾಗುತ್ತದೆ, ಕರಗುವ ಬಿಂದು ಕಂಡುಹಿಡಿಯುವ ಸಾವಯವ ರಸಾಯನಶಾಸ್ತ್ರದ ಪ್ರಯೋಗಕ್ಕೆ ಬಾರದು. ಎರಡು ಬೇರೆ ಲೋಹದ ತಂತಿಗಳ ಜೋಡಣೆಯಿಂದ ತಾಪಮಾನ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಮೀಟರ್ ನೂರಾರು ಡಿಗ್ರಿಯವರೆಗೆ ಓದುತ್ತದೆ, ಬೇಗ ಓದುತ್ತದೆ. ನಿಖರತೆ ಮಾತ್ರ ಎರಡು ಡಿಗ್ರಿಯ ಆಸುಪಾಸು. ಕ್ಯಾಲೊರಿಮೀಟರಿನಂಥ, ಡಿಗ್ರಿಯ ಹತ್ತನೇ ಭಾಗಕ್ಕೂ ಬೆಲೆಯಿರುವ ಪ್ರಯೋಗಕ್ಕೆ ಥರ್ಮಿಸ್ಟರ್ ಅಥವಾ ಪ್ಲಾಟಿನಂ ಸಂವೇದಕದ ಮೀಟರ್ ಬೇಕು, ಅದಕ್ಕೆ ಹೆಚ್ಚು ಹಣ ಬೇಕು. ಹೀಗಾಗಿ ಪ್ರೌಢಶಾಲೆಗೆ ಸ್ಪಿರಿಟ್, ಪದವಿಯ ರಸಾಯನಶಾಸ್ತ್ರಕ್ಕೆ ಥರ್ಮೋಕಪಲ್, ಭೌತಶಾಸ್ತ್ರಕ್ಕೆ ಒಂದೆರಡು ಒಳ್ಳೆಯ ಪ್ಲಾಟಿನಂ ಮೀಟರ್ ಎಂಬ ಹಂಚಿಕೆ ಸರಿಯೆನಿಸುತ್ತದೆ.

ಹೊಸ ಥರ್ಮಾಮೀಟರನ್ನು ಪರೀಕ್ಷಿಸುವಾಗ ನಮ್ಮ ಭಾಗದವರು ಒಂದು ವಿಷಯ ನೆನಪಿಡಬೇಕು. ತುಮಕೂರು, ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಚಿಕ್ಕಬಳ್ಳಾಪುರ 900 ಮೀಟರಿಗೂ ಮೇಲೆ ಇರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಕುದಿಯುವ ನೀರಿನಲ್ಲಿ 100 ತೋರಿಸದ ಡಿಜಿಟಲ್ ಮೀಟರನ್ನು ಕೆಟ್ಟದ್ದೆಂದು ಹಿಂದಿರುಗಿಸಿ ಪಾದರಸದ್ದನ್ನೇ ಮತ್ತೆ ಹಿಡಿಯುವುದು ಅನ್ಯಾಯ. ಕರಗುತ್ತಿರುವ ಐಸಿನ ಸೊನ್ನೆಯನ್ನು ನೋಡಿ ಪರೀಕ್ಷಿಸುವುದು ಹೆಚ್ಚು ಭರವಸೆಯದು.

ವಾಯುಭಾರ ಮಾಪಕದಲ್ಲೂ ಇದೇ ಎತ್ತರ ಅಡ್ಡ ಬರುತ್ತದೆ. ತುಮಕೂರಿನಲ್ಲಿ ಗಾಳಿಯ ಒತ್ತಡ ಪಾದರಸದ ಸುಮಾರು 690 ಮಿಲಿಮೀಟರ್, ಅಂದರೆ 920 ಹೆಕ್ಟೊಪ್ಯಾಸ್ಕಲ್; ಅಗ್ಗದ ಆನೆರಾಯ್ಡ್ (ದ್ರವವಿಲ್ಲದ) ಮಾಪಕಗಳ ಮುಖಫಲಕ ಹೆಚ್ಚಾಗಿ ಸಮುದ್ರಮಟ್ಟಕ್ಕೆ ತಕ್ಕಂತೆ ಇದ್ದು 950ರ ಕೆಳಗೆ ಓದುವುದೇ ಇಲ್ಲ. ಕೊಳ್ಳುವ ಮೊದಲು ಶ್ರೇಣಿ 900ಕ್ಕಿಂತ ಕೆಳಗಿಳಿಯುತ್ತದೆಯೇ ಎಂದು ನೋಡಿ. ಫೋರ್ಟಿನ್ ಮಾಪಕದಲ್ಲಿ ದಂತದ ಮುಳ್ಳನ್ನು ಪಾದರಸದ ಮೇಲ್ಮೈಗೆ ತಾಗಿಸಿ ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯನ್ನು ಓದುವ ಪಾಠಕ್ಕೆ ಇರುವ ಸೊಗಸನ್ನು ಡಿಜಿಟಲ್ ಅಂಕಿ ಕೊಡಲಾರದು, ಅದನ್ನು ಬಿಡುವ ಹಿರಿಯ ಅಧ್ಯಾಪಕರ ನೋವು ನನಗೆ ಅರ್ಥವಾಗುತ್ತದೆ. ವರ್ನಿಯರನ್ನು ಕ್ಯಾಲಿಪರಿನಲ್ಲೂ ಕಲಿಸಬಹುದು ಎಂಬುದಷ್ಟೇ ಸಮಾಧಾನ. ಆ ಮಾಪಕವನ್ನು ಗೋಡೆಯಿಂದ ಇಳಿಸುವ ಕೆಲಸವನ್ನು ಮಾತ್ರ ಅನುಭವವಿಲ್ಲದವರು ಮಾಡಬಾರದು. ನೂರಾರು ಗ್ರಾಂ ಪಾದರಸ ಒಂದೇ ಸಲ ನೆಲಕ್ಕೆ ಬೀಳುವ ಸಂದರ್ಭ ಅದೇ.

ಹಣ ಎಲ್ಲಕ್ಕೂ ಸಾಲದಿದ್ದರೆ ಮೊದಲು ಬದಲಿಸಬೇಕಾದದ್ದು ಓವನ್ ಮತ್ತು ಇನ್‌ಕ್ಯುಬೇಟರಿನ ಮೇಲೆ ಸಿಕ್ಕಿಸಿರುವ ಥರ್ಮಾಮೀಟರುಗಳನ್ನು. 100 ಡಿಗ್ರಿಯಲ್ಲಿ ಪಾದರಸದ ಆವಿಯ ಒತ್ತಡ 20 ಡಿಗ್ರಿಯಲ್ಲಿರುವುದರ ಇನ್ನೂರು ಪಟ್ಟಿಗೂ ಹೆಚ್ಚು. ಬಿಸಿ ಓವನ್ನಿನೊಳಗೆ ಒಂದು ಒಡೆದರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ, ಎಲ್ಲರೂ ಹೊರಬಂದು, ಅದು ಪೂರ್ತಿ ತಣ್ಣಗಾಗುವವರೆಗೆ ಕೋಣೆಗೆ ಹೋಗಬಾರದು.

ಚೆಲ್ಲಿದಾಗ: ಗಂಧಕ, ಸತು, ಕಿಟ್

ಚೆಲ್ಲಿದ ಕೂಡಲೇ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಹೊರಗಿನ ಕಿಟಕಿ ತೆರೆದು, ಒಳಗಿನ ಕಾರಿಡಾರಿನ ಬಾಗಿಲು ಮುಚ್ಚಬೇಕು. ಉಂಗುರ, ಬಳೆ ತೆಗೆದಿಡಬೇಕು. ಮಾಂಗಲ್ಯದ ಸರವನ್ನು ಒಳಗೆ ಸೇರಿಸಿಕೊಳ್ಳಬೇಕು, ಚಿನ್ನ ಪಾದರಸವನ್ನು ಮುಟ್ಟಿದ ಕ್ಷಣ ಬೆಳ್ಳಗಾಗುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಂಡು, ಎರಡು ಗಟ್ಟಿ ರಟ್ಟುಗಳಿಂದ ಹನಿಗಳನ್ನು ಒಂದುಗೂಡಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹೀರಿ ಪ್ಲಾಸ್ಟಿಕ್ ಬಾಟಲಿಗೆ ಹಾಕಬೇಕು. ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದರೆ ಕಾಣದ ಹನಿಗಳು ಮಿನುಗುತ್ತವೆ. ಅವುಗಳನ್ನು ಅಂಟುಪಟ್ಟಿಯಿಂದ ಎತ್ತಬಹುದು. ಪೊರಕೆ ಒಂದು ಹನಿಯನ್ನು ನೂರು ಮಾಡುತ್ತದೆ, ವ್ಯಾಕ್ಯೂಮ್ ಕ್ಲೀನರ್ ಅದನ್ನು ಬಿಸಿ ಮಾಡಿ ಗಾಳಿಗೆ ಊದುತ್ತದೆ. ಇವೆರಡನ್ನೂ ಮುಟ್ಟಬಾರದು, ಒರೆಸಿದ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಬಾರದು.

ಇಷ್ಟಾದ ಮೇಲೆ ಉಳಿದ ಕಣಗಳಿಗೆ ಏನು ಎಂಬಲ್ಲಿ ಆಯ್ಕೆಯ ಪ್ರಶ್ನೆ ಬರುತ್ತದೆ. ಗಂಧಕದ ಪುಡಿ ಅಗ್ಗ, ವರ್ಷಗಟ್ಟಲೆ ಕೆಡದು, ಪ್ರತಿ ಪ್ರಯೋಗಾಲಯದಲ್ಲೂ ಇರುತ್ತದೆ. ದ್ರಾಕ್ಷಿ ತೋಟಗಳಿಗೆ ಮಾರುವ, ನೀರಿನಲ್ಲಿ ಕಲಸಿ ಬಳಸುವ ಗಂಧಕದಲ್ಲಿ ಬೇರೆ ಪದಾರ್ಥಗಳೂ ಬೆರೆತಿರುವುದರಿಂದ ಪ್ರಯೋಗಾಲಯದ ಶುದ್ಧ ಪುಡಿಯೇ ವಾಸಿ. ಆದರೆ ಕೋಣೆಯ ತಾಪಮಾನದಲ್ಲಿ ಗಂಧಕದ ಕ್ರಿಯೆ ನಿಧಾನ. ಹನಿಯ ಮೇಲ್ಮೈಗೆ ಒಂದು ಪದರ ಕಟ್ಟುತ್ತದೆಯೇ ಹೊರತು ಒಳಗಿನ ಲೋಹ ಹಾಗೆಯೇ ಉಳಿಯುತ್ತದೆ. ಗಂಧಕ ಹಾಕಿದರೆ ಪಾದರಸ ನಿರಪಾಯವಾಗುತ್ತದೆಂಬ ಪಠ್ಯಪುಸ್ತಕದ ಮಾತು ನಂಬಿ, ಹನಿಗಳನ್ನು ಎತ್ತದೆ ಎಲ್ಲದರ ಮೇಲೂ ಗಂಧಕ ಸುರಿದರೆ ಐದು ಗ್ರಾಂ ಶುದ್ಧ ಪಾದರಸದ ಜಾಗದಲ್ಲಿ ಅರ್ಧ ಕಿಲೋ ಅಪಾಯಕಾರಿ ಧೂಳು ಕೈಸೇರುತ್ತದೆ. ಸತುವಿನ ಪುಡಿ ಪಾದರಸದೊಂದಿಗೆ ಬೇಗ ಬೆರೆತು ಗಟ್ಟಿಯಾಗುತ್ತದೆ. ಅದು ಕೆಲಸ ಮಾಡಲು ದುರ್ಬಲ ಆಮ್ಲದಿಂದ ಸ್ವಲ್ಪ ಒದ್ದೆಯಾಗಬೇಕು, ಆಗ ಹೈಡ್ರೋಜನ್ ಹೊರಬರುತ್ತದೆ, ಪುಡಿಯೂ ಬೆಂಕಿಗೆ ಸುಲಭವಾಗಿ ತುತ್ತಾಗುವಂಥದ್ದು. ತರಬೇತಿಯಿಲ್ಲದವರ ಕೈಗೆ ಇದು ತಕ್ಕುದಲ್ಲ. ಸಿದ್ಧ ಕಿಟ್‌ಗಳಲ್ಲಿ ಹೀರುವ ಸಾಧನ, ಸ್ಪಂಜು, ಪುಡಿ, ಚೀಲ ಎಲ್ಲವೂ ಇದ್ದು ಗಾಬರಿಯ ಹೊತ್ತಿನಲ್ಲಿ ಹುಡುಕಾಟ ತಪ್ಪುತ್ತದೆ, ಬೆಲೆ ಮಾತ್ರ ಹೆಚ್ಚು. ಥರ್ಮಾಮೀಟರಷ್ಟೇ ಇರುವ ಶಾಲೆಗೆ ಸಿರಿಂಜು, ರಟ್ಟು, ಟಾರ್ಚ್, ಅಂಟುಪಟ್ಟಿ, ಕೈಗವಸು, ಗಂಧಕ, ಬಿಗಿ ಮುಚ್ಚಳದ ಡಬ್ಬಿ ಇವುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ ಸಾಕು. ಮಾಪಕ ಅಥವಾ ಬಾಟಲಿ ಇರುವಷ್ಟು ದಿನ ಕಾಲೇಜು ಒಂದು ಕಿಟ್ ಕೊಳ್ಳುವುದು ತಕ್ಕ ಖರ್ಚು. ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಚೆಲ್ಲಿದರೆ ಯಾವ ಪುಡಿಯನ್ನೂ ನೆಚ್ಚದೆ ಕೋಣೆ ಮುಚ್ಚಿ ಮಂಡಳಿಗೆ ತಿಳಿಸಬೇಕು.

ಹಳೆಯ ಕಟ್ಟಡದಲ್ಲಿ ಇನ್ನೆರಡು ಜಾಗಗಳನ್ನು ನೋಡಬೇಕು: ಕಡಪ ಕಲ್ಲಿನ ಮೇಜುಗಳ ಸಂದು, ಮತ್ತು ಸಿಂಕಿನ ಕೆಳಗಿನ ಬಾಗಿದ ಕೊಳವೆ. ಹಿಂದಿನವರು ಚೆಲ್ಲಿದ ಪಾದರಸ ಭಾರದಿಂದ ಆ ಬಾಗಿನಲ್ಲಿ ನಿಂತಿರುವುದುಂಟು. ಪ್ಲಂಬರ್ ಅದನ್ನು ಬಿಚ್ಚುವ ಮೊದಲು ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟು, ಒಳಗೇನಿರಬಹುದೆಂದು ಅವರಿಗೂ ಹೇಳಬೇಕು.

ಕಣ್ಣಿಗೆ ಹೊಳೆಯದ ಪಾದರಸ

ಎಂಜಿನಿಯರಿಂಗ್ ಕಾಲೇಜು ಮತ್ತು ನೀರಿನ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಬಾಟಲಿಯ ಬೆಳ್ಳಿಬಣ್ಣದ ಲೋಹವನ್ನಲ್ಲ, ಸಿಒಡಿ ಪರೀಕ್ಷೆಯ, ಅಂದರೆ ನೀರಿನ ಕೊಳೆಯನ್ನು ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೆಂದು ಅಳೆಯುವ ಪರೀಕ್ಷೆಯ, ಉಳಿಕೆಯನ್ನು. ನೀರಿನ ಕ್ಲೋರೈಡ್ ಅಡ್ಡಿಯಾಗದಿರಲು ಅದರಲ್ಲಿ ಮರ್ಕ್ಯುರಿಕ್ ಸಲ್ಫೇಟ್ ಹಾಕುತ್ತಾರೆ. 20 ಮಿಲಿಲೀಟರ್ ಮಾದರಿಯ ತೆರೆದ ರಿಫ್ಲಕ್ಸ್ (ಕುದಿಸಿ, ಆವಿಯನ್ನು ತಣಿಸಿ ಮರಳಿಸುವ) ವಿಧಾನದಲ್ಲಿ ಒಂದು ಪರೀಕ್ಷೆಗೆ 0.4 ಗ್ರಾಂ ಹಾಕಿದರೆ ಅದರಲ್ಲಿ ಸುಮಾರು 0.27 ಗ್ರಾಂ ಪಾದರಸವಿರುತ್ತದೆ. 2.5 ಮಿಲಿಲೀಟರ್ ಮಾದರಿಯ ಮುಚ್ಚಿದ ಟ್ಯೂಬ್ ವಿಧಾನದಲ್ಲಿ ಅದು 0.034 ಗ್ರಾಂಗೆ, ಎಂದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಟ್ಯೂಬುಗಳ ಹೀಟರಿಗೆ ಒಮ್ಮೆ ಹಣ ಬೇಕು. ಆಮೇಲೆ ರಾಸಾಯನಿಕಗಳ ಖರ್ಚೂ ತ್ಯಾಜ್ಯವೂ ಪ್ರತಿ ಪರೀಕ್ಷೆಯಲ್ಲೂ ಕಡಿಮೆಯಾಗುತ್ತವೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿರುವುದರಿಂದ ಈ ಪರೀಕ್ಷೆಯ ಅಗತ್ಯ ನಮ್ಮಲ್ಲಿ ಕಡಿಮೆಯಾಗುವಂತಿಲ್ಲ. ಕೆರೆಯ ನೀರನ್ನು ಪರೀಕ್ಷಿಸಿ, ಆ ಪರೀಕ್ಷೆಯ ಪಾದರಸವನ್ನು ಚರಂಡಿಯ ಮೂಲಕ ಅದೇ ಕೆರೆಗೆ ಬಿಡುವುದನ್ನು ಮಾತ್ರ ನಿಲ್ಲಿಸಬೇಕು. ನೀರಿನಡಿಯ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ, ಅದು ಮೀನಿನಲ್ಲಿ ಸಂಗ್ರಹವಾಗುತ್ತದೆ. ಜಪಾನಿನ ಮಿನಮಾಟಾದಲ್ಲಿ ಜನರನ್ನು ಕೊಂದದ್ದು ಈ ರೂಪದ ಪಾದರಸವೇ.

ಈ ಉಳಿಕೆಗೆ ಸೋಡಿಯಂ ಸಲ್ಫೈಡ್ ಹಾಕಿ ಪಾದರಸವನ್ನು ಕೆಳಗಿಳಿಸುವ ಸಲಹೆ ಸಿಗುತ್ತದೆ. ದ್ರಾವಣ ಗಾಢ ಆಮ್ಲವಾಗಿರುವುದರಿಂದ ಸಲ್ಫೈಡ್ ಬಿದ್ದ ಕೂಡಲೇ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಆದ್ದರಿಂದ ಕಾಲೇಜಿನ ಮಟ್ಟದಲ್ಲಿ ಇದನ್ನು ಮಾಡಕೂಡದು. ಕ್ರೋಮಿಯಂ, ಬೆಳ್ಳಿಯೂ ಇರುವ ಈ ದ್ರವವನ್ನು ಪ್ರತ್ಯೇಕ ಕ್ಯಾನಿನಲ್ಲಿ ಹಾಗೆಯೇ ಕೂಡಿಟ್ಟು ಒಪ್ಪಿಸುವುದೊಂದೇ ದಾರಿ. ಉಳಿದ ಲವಣಗಳ ಬಳಕೆ ತಪ್ಪಿಸುವುದು ಸುಲಭ: ಪ್ರೋಟೀನಿಗೆ ಮಿಲನ್ ಪರೀಕ್ಷೆಯ ಬದಲು ಬೈಯುರೆಟ್, ಅಮೋನಿಯಕ್ಕೆ ನೆಸ್ಲರ್ ಬದಲು ಸ್ಯಾಲಿಸಿಲೇಟ್ ವಿಧಾನ, ಸಾರಜನಕ ಅಳೆಯುವ ಕೆಲ್ಡಾಲ್ ವಿಧಾನಕ್ಕೆ ಪಾದರಸದ ಲವಣದ ಬದಲು ತಾಮ್ರದ ಸಲ್ಫೇಟ್.

ಯಾರಿಗೆ ಯಾವುದು

ನಾಲ್ಕಾರು ಥರ್ಮಾಮೀಟರುಗಳಷ್ಟೇ ಇರುವ ಪ್ರೌಢಶಾಲೆ ಸ್ಪಿರಿಟ್ಟಿಗೆ ಬದಲಾಗಿ, ಹಳೆಯವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಹತ್ತಿರದ ಕಾಲೇಜುಗಳ ಸುತ್ತಿನಲ್ಲಿ ತನ್ನ ಹೆಸರು ಸೇರಿಸಿಕೊಂಡರೆ ಸಾಕು. ಬಾಟಲಿ ಮತ್ತು ಮಾಪಕ ಇರುವ ಪದವಿಪೂರ್ವ, ಪದವಿ ಕಾಲೇಜುಗಳು ಈ ವರ್ಷವೇ ಮಂಡಳಿಗೆ ಬರೆಯಬೇಕು. ಬೇಸಿಗೆ ರಜೆಯಲ್ಲಿ ಕೋಣೆ ಖಾಲಿಯಿರುವಾಗ ಸಾಗಿಸುವುದು ಅನುಕೂಲ. ಎಂಜಿನಿಯರಿಂಗ್ ಕಾಲೇಜಿನ ಹಣ ಮೊದಲು ಮುಚ್ಚಿದ ಟ್ಯೂಬಿನ ಸಿಒಡಿಗೆ ಹೋಗಲಿ. ನರ್ಸಿಂಗ್ ಕಾಲೇಜುಗಳ ರಕ್ತದೊತ್ತಡ ಮಾಪಕವೊಂದರಲ್ಲಿ ನೂರು ಗ್ರಾಂನಷ್ಟು ಪಾದರಸ ಇರುತ್ತದೆ. ಅವು ಜೈವಿಕ ವೈದ್ಯಕೀಯ ತ್ಯಾಜ್ಯದ ಚೀಲಕ್ಕೆ ಸೇರಿ ದಹನ ಕುಲುಮೆಗೆ ಹೋಗದಂತೆ ಕಾಯಬೇಕು. ಕೆಟ್ಟ ಟ್ಯೂಬ್‌ಲೈಟು, ಸಿಎಫ್ಎಲ್‌ಗಳಿಗೆ ಇ-ತ್ಯಾಜ್ಯದ ದಾರಿ ಬೇರೆಯೇ ಇದೆ, ಅವನ್ನು ಇದರೊಂದಿಗೆ ಬೆರೆಸಬೇಡಿ.

ಮಂಡಳಿಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಬರೆಯುವ ಪತ್ರದಲ್ಲಿ ನಾಲ್ಕು ಬಾಬ್ತುಗಳನ್ನು ತೂಕದೊಂದಿಗೆ ಬೇರೆಬೇರೆಯಾಗಿ ತೋರಿಸಿ: ಶುದ್ಧ ಲೋಹ, ಪಾದರಸವಿರುವ ಉಪಕರಣ, ಚೂರು ಮತ್ತು ಪುಡಿ, ಲವಣ ಮತ್ತು ದ್ರಾವಣ. ದಾಸ್ತಾನು ಪುಸ್ತಕದ ಪುಟಸಂಖ್ಯೆ ಮತ್ತು ಪ್ರಾಂಶುಪಾಲರ ಸಹಿ ಇರಲಿ. ಪುಸ್ತಕದಲ್ಲಿರುವ ತೂಕಕ್ಕಿಂತ ಬಾಟಲಿಯಲ್ಲಿರುವುದು ಕಡಿಮೆ ಇದ್ದರೆ, ಇರುವ ತೂಕವನ್ನೇ ಬರೆದು, ವ್ಯತ್ಯಾಸವನ್ನು ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿ. ಆ ವ್ಯತ್ಯಾಸ ಕೋಣೆಯ ನೆಲದಲ್ಲಿಯೋ ಸಿಂಕಿನ ಕೊಳವೆಯಲ್ಲಿಯೋ ಇರುವ ಸಾಧ್ಯತೆಯೇ ಹೆಚ್ಚಾದ್ದರಿಂದ ಅದನ್ನೂ ಹುಡುಕಿಸಬೇಕಾಗುತ್ತದೆ. ವಾಹನ ಹೊರಟ ದಿನ ಸಿಗುವ ಮ್ಯಾನಿಫೆಸ್ಟಿನ ಪ್ರತಿಯನ್ನೂ, ಘಟಕ ಸ್ವೀಕರಿಸಿದ ಮೇಲೆ ಮರಳಿ ಬರುವ ಪ್ರತಿಯನ್ನೂ ಅದೇ ದಾಸ್ತಾನು ಪುಟಕ್ಕೆ ಅಂಟಿಸಿ. ಎರಡನೆಯ ಪ್ರತಿ ಬರುವವರೆಗೆ ಪಾದರಸವನ್ನು ಲೆಕ್ಕದಿಂದ ಇಳಿಸಬೇಡಿ.